ಮಜ್ಜಿಗೆಯಲ್ಲಿ ಹಳದಿ ಕಾಳು

ಗುಡಗೇರಿಯ ಸಂತೆಯಲ್ಲಿ ಬೆಲ್ಲ ಮಾರುವವರು ತಾಯವ್ವ ಬರುತ್ತಿರುವುದನ್ನು ದೂರದಿಂದಲೇ ನೋಡಿ, ತಾವು ಮಾರಬೇಕೆಂದಿರುವ ಪೆಂಟಿಯನ್ನು, ಆ ದಪ್ಪ ಬೆಲ್ಲದ ಅಚ್ಚನ್ನು, ಬೇಗ ಹಿಂದಕ್ಕೆ ಸರಿಸುತ್ತಾರೆ. ಮುಂದೆ ಇಟ್ಟದ್ದನ್ನು ಅವಳು ಕೊಂಡ ಇತಿಹಾಸವೇ ಇಲ್ಲ. ಮುಂದಿಟ್ಟಿದ್ದಾರೆಂದರೆ ಅದರಲ್ಲೇನೋ ಇದೆ ಎಂಬುದು ಅವಳ ಲೆಕ್ಕ. ಹಿಂದಿನದನ್ನು ತೆಗೆಸಿ, ಮೂಲೆ ಮುರಿದು, ಮೂಸಿ, ನಾಲಿಗೆಗೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡಿ, ಕೊನೆಗೆ "ಇರ್ಲಿ, ನಿನ್ನ ನಂಬಿ ಒಯ್ತೀನಿ" ಎಂದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಅವಳು ಯಾರನ್ನೂ ನಂಬಿಲ್ಲವೆಂಬುದು ಬೆಲ್ಲದವನಿಗೂ ಗೊತ್ತು, ಬೆಲ್ಲಕ್ಕೂ ಗೊತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಊರವರು ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆ ಗುಣವೇ ಅವಳ ಮನೆಯನ್ನು ನಿಲ್ಲಿಸಿತ್ತು. ಗಂಡ ಈರಪ್ಪ ತೀರಿಕೊಂಡ ಮೇಲೆ ಎರೆಹೊಲದ ಬೇಸಾಯ ಅವಳ ಕೊರಳಿಗೆ ಬಿತ್ತು. ಬೀಜದಂಗಡಿಯವನು ಎಷ್ಟೇ ಆಣೆ ಹಾಕಲಿ, ಒಂದು ಹಿಡಿಯನ್ನು ಹಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡದೆ ಅವಳು ಬಿತ್ತಿದವಳಲ್ಲ. ಒಂದು ವರ್ಷ ಓಣಿಗೆ ಓಣಿಯೇ ಹೊಸ ಜಾತಿಯ ಹತ್ತಿ ಬೀಜ ತಂದಾಗ ಇವಳೊಬ್ಬಳು ಮೂಸಿ ನೋಡಿ ವಾಪಸು ಕೊಟ್ಟಳು. ಜನ ನಕ್ಕರು. ಸುಗ್ಗಿಯ ಹೊತ್ತಿಗೆ ಆ ನಗು ನಿಂತಿತ್ತು. ಅಂದಿನಿಂದ ತನ್ನ ಸಂಶಯವನ್ನು ಮಾತ್ರ ತಾಯವ್ವ ಕಣ್ಣುಮುಚ್ಚಿ ನಂಬಿದಳು.

ಮಗ ಸಿದ್ಧಾರೂಢನಿಗೆ ಹೆಣ್ಣು ನೋಡಲು ಕಲಘಟಗಿ ಕಡೆಯ ತಂಬೂರಕ್ಕೆ ಹೋದಾಗಲೂ ಅಷ್ಟೆ. ಹುಡುಗಿ ರೋಹಿಣಿಯ ಉದ್ದ ಜಡೆ ಎಲ್ಲರಿಗೂ ಹಿಡಿಸಿತು. ತಾಯವ್ವ ಮಾತ್ರ ಜಡೆ ಬಿಚ್ಚಿಸಿ, ಒಳಗೆ ಚೌರಿ ಸೇರಿಸಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಒಪ್ಪಿಗೆಯ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಹುಡುಗಿ ನಗುತ್ತಲೇ ಮತ್ತೆ ಜಡೆ ಹೆಣೆದುಕೊಂಡಿದ್ದಳು. ಆ ನಗು ತಾಯವ್ವನಿಗೆ ಇಷ್ಟವಾಗಿತ್ತು. ಇಷ್ಟವಾಯಿತೆಂದು ಅವಳು ಯಾರಿಗೂ ಹೇಳಲಿಲ್ಲ.

ರೋಹಿಣಿಯ ಅಣ್ಣ ಸಂಗನಬಸವನದು ಜೇನು ಸಾಕುವ ಕಸುಬು. ಗುರೆಳ್ಳು ಹೂಬಿಟ್ಟಾಗ ಒಂದು ಕಡೆ, ಸೂರ್ಯಕಾಂತಿ ಅರಳಿದಾಗ ಇನ್ನೊಂದು ಕಡೆ ಎಂದು ಪೆಟ್ಟಿಗೆಗಳನ್ನು ಟೆಂಪೊದಲ್ಲಿ ಹೇರಿಕೊಂಡು ಹೋಗುತ್ತಿದ್ದ. ಜೇನುತುಪ್ಪದ ಜೊತೆಗೆ ಈಚೆಗೆ ಪರಾಗವನ್ನೂ ತೆಗೆಯಲು ಕಲಿತಿದ್ದ. ಪೆಟ್ಟಿಗೆಯ ಬಾಗಿಲಿಗೆ ಸಣ್ಣ ತೂತುಗಳ ಹಲಗೆ ಹಚ್ಚಿದರೆ, ಒಳಗೆ ನುಸುಳುವ ಹುಳದ ಕಾಲಿಗೆ ಮೆತ್ತಿದ ಹೂವಿನ ಪುಡಿ ಉದುರಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಒಣಗಿಸಿದರೆ ಸಾಸಿವೆಯಷ್ಟು ಸಣ್ಣ ಹಳದಿ ಕಾಳು. ಅದನ್ನು ಸೀಸೆಗೆ ತುಂಬಿ, ಮೇಲೆ "ತಿಂದರೆ ರಕ್ತ, ಹಚ್ಚಿದರೆ ಕಾಂತಿ" ಎಂದು ಅಚ್ಚು ಹಾಕಿಸಿ ಹುಬ್ಬಳ್ಳಿಯ ಅಂಗಡಿಗಳಿಗೆ ಕೊಡುತ್ತಿದ್ದ. ಮದುವೆಯಾಗಿ ಗುಡಗೇರಿಗೆ ಬಂದ ತಂಗಿಗೂ ಒಂದು ಸೀಸೆ ಬರುತ್ತಿತ್ತು.

ರೋಹಿಣಿ ಅದನ್ನು ಬೆಳಿಗ್ಗೆ ಒಂದು ಚಮಚ ತಿನ್ನುತ್ತಿದ್ದಳು. ವಾರಕ್ಕೊಮ್ಮೆ ಅರೆದು ಮೊಸರಲ್ಲಿ ಕಲಸಿ ಮುಖಕ್ಕೆ ಹಚ್ಚಿಕೊಂಡು ಹಿತ್ತಲಲ್ಲಿ ಕೂರುತ್ತಿದ್ದಳು. ಮೊದಲ ಸಲ ಆ ಹಳದಿ ಮುಖವನ್ನು ಕಂಡಾಗ ತಾಯವ್ವ ಬಾಗಿಲಲ್ಲೇ ನಿಂತುಬಿಟ್ಟಳು.

"ಏನಿದು ಅವತಾರ?"

"ಜೇನುಹುಳದ ಪರಾಗರಿ ಅತ್ತಿ. ಮುಖಕ್ಕ ಚಲೋ. ಮೊಬೈಲ್‌ದಾಗ ನೋಡ್ರಿ, ಎಷ್ಟ ಮಂದಿ ಹಚ್ಕೊಳ್ಳಾಕತ್ತಾರ."

"ಗಂಡ ಅಡತಿ ಅಂಗಡ್ಯಾಗ ಧೂಳ ತಿಂತಾನ. ನೀ ಇಲ್ಲೆ ಯಾರಿಗೆ ತೋರ್ಸಾಕ ಕಾಂತಿ ಮಾಡ್ಕೊಳ್ತಿ?"

ರೋಹಿಣಿ ನಕ್ಕಳು. ಸೀಸೆಯನ್ನು ಮಾತ್ರ ಅಡಿಗೆಮನೆಯ ಮೇಲಿನ ನಾಗೊಂದಿಗೆಗೆ, ಬೇಳೆಯ ಡಬ್ಬಿಯ ಹಿಂದೆ ಸರಿಸಿದಳು. ದಿನಾ ಮಾತು ಕೇಳುವುದಕ್ಕಿಂತ ಅದೇ ವಾಸಿ ಎಂದುಕೊಂಡಳು. ಆದರೆ ಅಡಗಿಸಿಟ್ಟ ವಸ್ತು ತಾಯವ್ವನಿಂದ ಎಷ್ಟು ದಿನ ಅಡಗಿರುತ್ತದೆ?

ಮಳೆಗಾಲ ಮುಗಿಯುವ ಹೊತ್ತಿಗೆ ತಾಯವ್ವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮನೆಗೆ ಬಂದ ನರ್ಸಬಾಯಿ ಬೆರಳು ಚುಚ್ಚಿ ನೋಡಿ, ರಕ್ತ ಕಡಿಮೆ ಇದೆ ಎಂದು ಕೆಂಪು ಗುಳಿಗೆ ಕೊಟ್ಟಳು. ಪುಕ್ಕಟೆ ಕೊಟ್ಟ ಗುಳಿಗೆ! ತಾಯವ್ವನಿಗೆ ಸಂಶಯಪಡಲು ಅಷ್ಟು ಸಾಕಾಯಿತು. ಎದುರಿಗೆ ನುಂಗಿದಂತೆ ಮಾಡಿ, ಬಚ್ಚಲಿಗೆ ಹೋಗಿ ಉಗುಳಿ ಬಂದಳು. ರೋಹಿಣಿ ಬಚ್ಚಲು ತೊಳೆಯುವಾಗ ನೀರು ಕೆಂಪಾದದ್ದನ್ನು ನೋಡಿದಳು. ಜಗಳ ಮಾಡಿದರೆ ಉಪಯೋಗವಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಣ್ಣನ ಸೀಸೆಯ ಮೇಲಿನ ಮಾತು ನೆನಪಾಯಿತು. ಮರುದಿನದಿಂದ ಅತ್ತೆಯ ಮಧ್ಯಾಹ್ನದ ಮಜ್ಜಿಗೆಗೆ ಅರ್ಧ ಚಮಚ ಪರಾಗ ಹಾಕಿ, ಜೀರಿಗೆ ಪುಡಿಯಲ್ಲಿ ಮರೆಮಾಡಿ ಕೊಡತೊಡಗಿದಳು. ಹೇಳಿದ್ದರೆ ಕುಡಿಯುತ್ತಿರಲಿಲ್ಲ, ನಿಜ. ಹೇಳದೆ ಕೊಟ್ಟದ್ದು ತಪ್ಪು, ಅದೂ ನಿಜ.

ಮಜ್ಜಿಗೆ ಕುಡಿದ ಮೇಲೆ ತಾಯವ್ವನ ಬಾಯಿ ಕೆರೆಯತೊಡಗಿತು. ಮೊದಲು ನಾಲಿಗೆಯ ತುದಿ, ಆಮೇಲೆ ಗಂಟಲು. ಕೈ ಮೇಲೆ ಅಲ್ಲಲ್ಲಿ ದದ್ದು ಎದ್ದು ಸಂಜೆಗೆ ಇಳಿಯುತ್ತಿತ್ತು. ಅವಳು ಮಗನಿಗೆ ಹೇಳಲಿಲ್ಲ. ಮೊದಲು ಉಪ್ಪಿನಕಾಯಿಯನ್ನು ಅನುಮಾನಿಸಿದಳು, ಬಿಟ್ಟಳು; ಕೆರೆತ ನಿಲ್ಲಲಿಲ್ಲ. ಎಲೆ ಅಡಿಕೆ ಬಿಟ್ಟಳು, ನಿಲ್ಲಲಿಲ್ಲ. ಆಮೇಲೊಂದು ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದಂತೆ ಮಾಡಿ, ಅರೆಗಣ್ಣಿನಿಂದ ಅಡಿಗೆಮನೆಯ ಕಡೆ ನೋಡಿದಳು. ಸೊಸೆ ಒಮ್ಮೆ ಹೊರಗೆ ಇಣುಕಿದಳು. ನಾಗೊಂದಿಗೆಗೆ ಕೈ ಚಾಚಿ ಸೀಸೆ ತೆಗೆದಳು. ಅತ್ತೆಯ ಲೋಟಕ್ಕೆ, ಅದೊಂದೇ ಲೋಟಕ್ಕೆ, ಹಳದಿ ಕಾಳು ಹಾಕಿ ಕಲಕಿದಳು.

ತಾಯವ್ವನಿಗೆ ಹೊಳೆದದ್ದು ಒಂದೇ ಮಾತು: ಮದ್ದು.

ಆ ಸೀಮೆಯಲ್ಲಿ ಮದ್ದು ಎಂದರೆ ಔಷಧವಲ್ಲ. ಯಾರನ್ನಾದರೂ ವಶ ಮಾಡಿಕೊಳ್ಳಲು, ಇಲ್ಲವೆ ಸೊರಗಿಸಿ ಮೂಲೆಗೆ ಹಾಕಲು ಅನ್ನದಲ್ಲಿ, ಮಜ್ಜಿಗೆಯಲ್ಲಿ ಬೆರೆಸಿ ಕೊಡುವ ವಸ್ತುವಿಗೆ ಆ ಹೆಸರು. ಹೊಟ್ಟೆಯಲ್ಲಿ ಅದು ಕುಳಿತರೆ ಮನುಷ್ಯ ಒಳಗಿಂದೊಳಗೆ ಸವೆಯುತ್ತಾನೆಂದು ಜನ ನಂಬುತ್ತಾರೆ. ಅದನ್ನು ತೆಗೆಯುವವರೂ ಇದ್ದಾರೆ, ಅವರ ಬಾಗಿಲಲ್ಲಿ ಸಾಲೂ ಇರುತ್ತದೆ.

ತಾಯವ್ವ ಕೂಗಾಡಲಿಲ್ಲ. ಅವಳ ಸಿಟ್ಟು ಬಾಯಿಗೆ ಬರುವ ಮೊದಲು ಬುದ್ಧಿಗೆ ಬರುತ್ತಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿಲ್ಲವೆ? ಲೋಟ ಹಿಡಿದು ಹಿತ್ತಲಿಗೆ ಹೋಗಿ ಮಜ್ಜಿಗೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಬಾಯಿ ಒರೆಸಿಕೊಳ್ಳುತ್ತಾ ಬಂದಳು. ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿ ನಾಯಿಗೆ ಹಾಕಿದಳು. ಹಸಿವಾದಾಗ ಬಾಜು ಮನೆಯ ರಹೀಮಾಬಿಯ ಕಟ್ಟೆಗೆ ಹೋಗಿ ಚುರಮುರಿ, ಬಾಳೆಹಣ್ಣು ತಿಂದಳು. ರಹೀಮಾಬಿ ಅವಳ ಹರೆಯದ ಗೆಳತಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು.

ಮನೆಯ ಊಟ ಬಿಟ್ಟ ಮೇಲೆ ಕೆರೆತ ನಿಂತಿತು. ದದ್ದು ಮಾಯವಾಯಿತು. ಇನ್ನೇನು ಬೇಕು ಸಾಕ್ಷಿ?

"ರಹೀಮಾ, ನನಗ ಮದ್ದ ಹಾಕ್ಯಾರ," ಎಂದು ತಾಯವ್ವ ಚುರಮುರಿಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು. ಸಾಯುವುದಕ್ಕೆ ಅವಳು ಹೆದರುತ್ತಿರಲಿಲ್ಲ. ಜಡೆ ಬಿಚ್ಚಿಸಿದರೂ ನಕ್ಕ ಆ ಹುಡುಗಿಯನ್ನು ತಾನು ಒಳಗೊಳಗೇ ಮಗಳೆಂದು ಒಪ್ಪಿಕೊಂಡಿದ್ದೆ, ಆ ಒಬ್ಬಳ ವಿಷಯದಲ್ಲಿ ತನ್ನ ಮೂಗು ಮೋಸಹೋಯಿತಲ್ಲ ಎಂಬುದು ಅವಳನ್ನು ಸುಡುತ್ತಿತ್ತು.

"ರೋಹಿಣಿ ಅಂಥಾಕಿ ಅಲ್ಲವ್ವ," ಎಂದಳು ರಹೀಮಾಬಿ.

"ಅಂಥಾಕಿ ಅಲ್ಲ ಅನ್ನಿಸ್ಕೊಳ್ಳಾರದ ಮದ್ದ ಹಾಕಾಕ ಹೆಂಗ ಬರ್ತದ?"

ಮರುದಿನ ಇಬ್ಬರೂ ಬಸ್ಸು ಹತ್ತಿ, ಲಕ್ಷ್ಮೇಶ್ವರದ ದಾರಿಯ ಒಂದು ಹಳ್ಳಿಯಲ್ಲಿದ್ದ ಮಾಳಿಂಗರಾಯನ ಮನೆಗೆ ಹೋದರು. ಮಾಳಿಂಗರಾಯ ಮದ್ದು ತೆಗೆಯುವುದರಲ್ಲಿ ಹೆಸರಾದವನು. ಹಣೆ ತುಂಬ ಭಂಡಾರದ ಅರಿಶಿನ, ಮಾತು ಕಡಿಮೆ. ಏನಾಗಿದೆ ಎಂದು ಅವನು ಕೇಳುವ ಮೊದಲೇ ತಾಯವ್ವ ಮಜ್ಜಿಗೆ, ಸೊಸೆ, ಹಳದಿ ಕಾಳು ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಅವನು ಒಳಗೆ ಹೋಗಿ ಬಟ್ಟಲಲ್ಲಿ ಹಸಿರು ರಸ ತಂದು ಅವಳ ಅಂಗೈಗೆ ಹೊಯ್ದ.

"ಕಣ್ಮುಚ್ಚಿ ಮನಿದೇವರನ್ನ ನೆನೀರಿ. ಹೊಟ್ಟ್ಯಾಗ ಮದ್ದಿದ್ರ ರಸ ಹೆಪ್ಪಗಟ್ಟತೈತಿ. ಇಲ್ಲಂದ್ರ ಹಂಗ ಹರದ ಹೋಕ್ಕೈತಿ."

ತಾಯವ್ವ ಕಣ್ಣು ತೆರೆದಾಗ ಅಂಗೈಯಲ್ಲಿ ರಸ ಇರಲಿಲ್ಲ. ಹಸಿರು ಲೋಳೆಯ ಗಡ್ಡೆಯೊಂದು ಅಲುಗುತ್ತ ಕುಳಿತಿತ್ತು. ಮಾಳಿಂಗರಾಯ ಬಹಳ ಹೊತ್ತು ಅದನ್ನೇ ನೋಡಿ ಹೇಳಿದ: "ಹೆಣ್ಣಿನ ಕೈ. ಹಳದಿ ಬಣ್ಣದ್ದು. ಮಜ್ಜಿಗ್ಯಾಗ."

ತಾನೇ ಹೇಳಿದ್ದನ್ನು ತನಗೇ ಹಿಂದಿರುಗಿಸಿದ್ದಾನೆಂಬುದು ಆ ಕ್ಷಣ ತಾಯವ್ವನಿಗೆ ಹೊಳೆಯಲಿಲ್ಲ. ಹೆದರಿದ ಮನುಷ್ಯನ ಕಿವಿ ತನಗೆ ಬೇಕಾದ್ದನ್ನೇ ಕೇಳುತ್ತದೆ. ಅವನು ಕೊಟ್ಟ ಕಷಾಯ ಕುಡಿದು, ಅವನ ಹಿತ್ತಲಲ್ಲೇ ವಾಂತಿ ಮಾಡಿಕೊಂಡು, ರಹೀಮಾಬಿಯ ಹೆಗಲಿಗೊರಗಿ ಊರಿಗೆ ಬಂದಳು.

ಅಂದು ಸಂಜೆ ಮಗ ಅಂಗಡಿಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ತಾಯವ್ವ ಮಾತು ಹೊರಹಾಕಿದಳು. ಸಿದ್ಧಾರೂಢ ಒಳ್ಳೆಯವನು. ಅನೇಕ ಒಳ್ಳೆಯವರಂತೆ, ಮಾತಾಡಬೇಕಾದ ಹೊತ್ತಿನಲ್ಲಿ ಗೋಡೆ ನೋಡುವವನು. ರೋಹಿಣಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಒಳಗೆ ಹೋಗಿ ಸೀಸೆ ತಂದು ಎಲ್ಲರ ನಡುವೆ ಇಟ್ಟಳು.

"ಇದರಿ ಅತ್ತಿ, ನೀವು ನೋಡಿದ್ದು. ನಮ್ಮಣ್ಣನ ಪೆಟಿಗಿ ಪರಾಗ. ನಿಮ್ಮ ಮೈಯಾಗ ರಕ್ತ ಆಗ್ಲಿ ಅಂತ ಹಾಕಿದ್ನಿ. ಗುಳಿಗಿ ನೀವು ಉಗಳ್ತೀರಿ, ಇದನ್ನೂ ಉಗಳ್ತೀರಿ ಅಂತ ಹೇಳಲಿಲ್ಲ."

"ಚಲೋದಿದ್ರ ಕದ್ದ ಯಾಕ ಹಾಕಿದಿ?"

ರೋಹಿಣಿ ಸೀಸೆಯ ಮುಚ್ಚಳ ತೆಗೆದು, ಅಂಗೈ ತುಂಬ ಸುರಿದುಕೊಂಡು ಬಾಯಿಗೆ ಹಾಕಿಕೊಂಡಳು. ಅತ್ತೆಯ ಮುಖವನ್ನೇ ನೋಡುತ್ತ ಅಗಿದು ನುಂಗಿದಳು. ತುಟಿಯ ಮೇಲೆ ಹಳದಿ ಪುಡಿ ಅಂಟಿತ್ತು.

"ಹಾಕಿದವರಿಗೆ ಅದು ಹತ್ತೂದಿಲ್ಲ," ಎಂದಳು ತಾಯವ್ವ.

ಆ ಮಾತಿನ ಮೇಲೆ ಇನ್ನು ಯಾವ ಸಾಕ್ಷಿಗೂ ಜಾಗವಿರಲಿಲ್ಲ. ತಿನ್ನದಿದ್ದರೆ ತಪ್ಪಿತಸ್ಥೆ, ತಿಂದರೂ ತಪ್ಪಿತಸ್ಥೆ. ರೋಹಿಣಿ ಗಂಡನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ಒಲೆಯ ಹತ್ತಿರ ಅವಳ ಕೈ ಇರಬೇಕೋ ನನ್ನ ಕೈ ಇರಬೇಕೋ ಹೇಳು ಎಂದು ತಾಯವ್ವ ಕೇಳಿದಾಗಲೂ ಅವನ ಬಾಯಿ ತೆರೆಯಲಿಲ್ಲ. ಬೆಳಿಗ್ಗೆ ಸಂಗನಬಸವ ಟೆಂಪೊ ತಂದ. ರೋಹಿಣಿ ಅತ್ತೆಯ ಕಾಲು ಮುಟ್ಟಿ, ಸೀಸೆಯನ್ನು ಅಲ್ಲೇ ಬಿಟ್ಟು, ತಂಬೂರಕ್ಕೆ ಹೊರಟಳು. ಹೋಗುವಾಗ ಒಂದೇ ಮಾತು ಹೇಳಿದಳು: "ಕರಿಯಾಕ ನಿಮ್ಮ ಮಗ ಬಂದ್ರ ನಾ ಬರೂದಿಲ್ರಿ."

ಮನೆ ತಾಯವ್ವನದಾಯಿತು. ಒಲೆಯೂ ಅವಳದಾಯಿತು. ತಾನೇ ಬಡಿದ ರೊಟ್ಟಿ ತಿಂದು, ತಾನೇ ಕಡೆದ ಮಜ್ಜಿಗೆ ಕುಡಿದು ಅವಳು ನಿಶ್ಚಿಂತಳಾಗಿರಬೇಕಿತ್ತು. ಆದರೆ ಅವಳ ಸಂಶಯ ಕಟ್ಟಿಹಾಕಿದ ದನವಲ್ಲ. ಒಂದು ಹೊಲ ಮೇಯ್ದು ಮುಗಿಸಿದ ಮೇಲೆ ಇನ್ನೊಂದಕ್ಕೆ ಬಾಯಿ ಹಾಕಿತು. ಮಾಳಿಂಗರಾಯನಿಗೆ ಹಳದಿ ಬಣ್ಣ ಹೇಗೆ ಗೊತ್ತಾಯಿತು? ನಾನು ಹೇಳಿದ್ದೆನಲ್ಲ. ನಾನು ಹೇಳದೆ ಇದ್ದಿದ್ದರೆ? ರಸವನ್ನು ಅವನು ಒಳಗೇ ಯಾಕೆ ಅರೆದ? ನನ್ನೆದುರಿಗೆ ಅರೆಯಬಹುದಿತ್ತಲ್ಲ. ಬೆಲ್ಲದ ಪೆಂಟಿಯನ್ನೇ ಮುರಿದು ನೋಡುವ ನಾನು ಆ ರಸವನ್ನು ಯಾಕೆ ನೋಡಲಿಲ್ಲ? ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಅಂಗೈ ಮೂಸಿದಳು. ವಾಸನೆ ಎಂದೋ ಹೋಗಿತ್ತು. ಮೂಗಿನೊಳಗೆ ಮಾತ್ರ ಉಳಿದಿತ್ತು.

ಆ ವಾಸನೆ ಅವಳಿಗೆ ಸಿಕ್ಕಿದ್ದು ಹೊಲದ ಬದುವಿನಲ್ಲಿ. ಮೆಣಸಿನ ಗಿಡ ನೋಡಲು ಹೋದವಳು ಬೇಲಿಗೆ ಹಬ್ಬಿದ ದಾಗಡಿ ಬಳ್ಳಿಯ ಎಲೆಯನ್ನು ಸುಮ್ಮನೆ ಕಿತ್ತು ತಿಕ್ಕಿದಳು. ಮೂಗು ಕೂಡಲೇ ಹೇಳಿತು. ಉಡಿ ತುಂಬ ಎಲೆ ಕಿತ್ತುಕೊಂಡು ನೇರವಾಗಿ ರಹೀಮಾಬಿಯ ಕಟ್ಟೆಗೆ ಬಂದಳು.

"ಕೈ ಚಾಚ," ಎಂದಳು.

"ಯಾಕವ್ವ?"

"ಚಾಚಂದ್ರ ಚಾಚ. ನಮ್ಮನ್ಯಾಗ ಮಜ್ಜಿಗಿ ಕುಡದಿಲ್ಲಲ್ಲ ನೀ, ರೋಹಿಣಿ ಬಂದಾಗಿಂದ?"

"ನಾ ಎಂದ ನಿಮ್ಮನ್ಯಾಗ ಮಜ್ಜಿಗಿ ಕುಡದೇನಿ? ನನಗ ಹುಳಿ ಆಗಿ ಬರೂದಿಲ್ಲ."

ಎಲೆಯನ್ನು ನೀರಲ್ಲಿ ಕಿವುಚಿ, ಸೋಸಿ, ರಹೀಮಾಬಿಯ ಅಂಗೈಗೆ ಹೊಯ್ದಳು. ಉಳಿದದ್ದನ್ನು ಒಳಕಲ್ಲಿನ ಕುಳಿಗೆ ಸುರಿದಳು. ಇಬ್ಬರು ಮುದುಕಿಯರು ಕಾದರು. ರಹೀಮಾಬಿಯ ಕೈಯಲ್ಲಿ ರಸ ಹೆಪ್ಪಾಯಿತು. ಒಳಕಲ್ಲಿನಲ್ಲೂ ಹೆಪ್ಪಾಯಿತು.

ರಹೀಮಾಬಿ ಕೈಯನ್ನೂ ಕಲ್ಲನ್ನೂ ನೋಡಿ ಹೇಳಿದಳು: "ನಿನ್ನ ಸೊಸಿ ಭಾಳ ಕಷ್ಟಪಟ್ಟಾಳ ನೋಡು. ಒಳಕಲ್ಲಿಗೂ ಮದ್ದ ಹಾಕಿ ಹೋಗ್ಯಾಳ."

ತಾಯವ್ವ ನಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕುಳಿತಳು. ಆ ಬಳ್ಳಿಯ ಗುಣವೇ ಅದು, ಯಾರ ಕೈಗೆ ಹೊಯ್ದರೂ ಹೆಪ್ಪಾಗುತ್ತದೆ. ಅಂಥ ಎಲೆಯ ಮಾತು ಕೇಳಿ ಮನೆಯ ಹುಡುಗಿಯನ್ನು ಹೊರಹಾಕಿದ್ದಳು. ನಾಚಿಕೆ ಅವಳನ್ನು ಕಾಲಿನಿಂದ ತಲೆಯವರೆಗೂ ಸುಟ್ಟಿತು. ಆದರೂ, ಅವಳು ತಾಯವ್ವ ಅಲ್ಲವೆ, ಒಂದು ಮುಳ್ಳು ಉಳಿದೇ ಉಳಿಯಿತು. ಎಲೆ ಸುಳ್ಳು ಹೇಳಿತು ಸರಿ. ನನ್ನ ನಾಲಿಗೆ? ನನ್ನ ದದ್ದು?

ಮನೆಗೆ ಹೋಗಿ ಸೀಸೆ ತಂದಳು. ರಹೀಮಾಬಿ ಬೇಡವೆನ್ನುವಷ್ಟರಲ್ಲಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಹೂವಿನ ಹಾಗೆ ಸಿಹಿ, ಹಿಂದೆ ಸ್ವಲ್ಪ ಕಹಿ. ನಾಲಿಗೆ ಕೆರೆಯತೊಡಗಿತು. ಈ ಸಲ ಅಲ್ಲಿಗೇ ನಿಲ್ಲಲಿಲ್ಲ. ತುಟಿ ಊದಿತು, ಕಣ್ಣು ಮುಚ್ಚಿದವು, ಉಸಿರು ಸೀಟಿ ಹೊಡೆಯತೊಡಗಿತು. ರಹೀಮಾಬಿ ಓಣಿಯ ಆಟೊದವನನ್ನು ಕೂಗಿ, ಅವಳನ್ನು ಹೇರಿಕೊಂಡು ದವಾಖಾನೆಗೆ ಓಡಿದಳು.

ಸೂಜಿ ಚುಚ್ಚಿದ ಮೇಲೆ ಉಸಿರು ಹಿಡಿತಕ್ಕೆ ಬಂತು. ತರುಣ ಡಾಕ್ಟರು ರಹೀಮಾಬಿ ತಂದ ಸೀಸೆಯನ್ನು ತಿರುಗಿಸಿ ನೋಡಿದರು.

"ಇದರಾಗ ವಿಷ ಏನಿಲ್ಲರಿ ಅಜ್ಜಿ. ಹೂವಿನ ಪುಡಿ ಕೆಲವರ ಮೈಗೆ ಆಗೂದಿಲ್ಲ, ಅಷ್ಟ. ನಿಮಗ ಅಗದಿ ಆಗೂದಿಲ್ಲ. ಇನ್ನೊಮ್ಮೆ ತಿಂದ್ರ ಜೀವಕ್ಕ ಅಪಾಯ."

"ರಕ್ತ ಆಗತೈತಿ ಅಂತ ಬರದಾರಲ್ರಿ ಅದರ ಮ್ಯಾಲ?"

"ಸ್ವಲ್ಪ ಪೌಷ್ಟಿಕ ಇರ್ತದ. ಆದರ ಸೀಸೆ ಹೇಳೂವಷ್ಟೇನಿಲ್ಲ. ಮುಖದ ಕಾಂತಿದ್ದಂತೂ ನನಗ ಗೊತ್ತಿಲ್ಲ. ರಕ್ತಕ್ಕ ನಮ್ಮ ನರ್ಸಬಾಯಿ ಗುಳಿಗಿ ಕೊಟ್ಟಿರ್ತಾರಲ್ಲ, ಅದನ್ನ ನುಂಗ್ರಿ."

ತಾಯವ್ವನ ನಾಲಿಗೆ ಸುಳ್ಳು ಹೇಳಿರಲಿಲ್ಲ. ರೋಹಿಣಿಯೂ ಸುಳ್ಳು ಹೇಳಿರಲಿಲ್ಲ. ಮಜ್ಜಿಗೆಯಲ್ಲಿದ್ದದ್ದು ತನಗೆ ಕೇಡಾಗಿತ್ತು, ಹಾಕಿದ ಕೈಯಲ್ಲಿ ಕೇಡಿರಲಿಲ್ಲ. ಎರಡನ್ನೂ ಒಂದೇ ಎಂದುಕೊಂಡದ್ದು ತಾನು. ಆ ರಾತ್ರಿ ಮಗ ನೀರು ತಂದುಕೊಟ್ಟಾಗ, ಅವಳು ಕೆಂಪು ಗುಳಿಗೆಯನ್ನು ಬಾಯಿಗೆ ಹಾಕಿ ನುಂಗಿದಳು.

ತಂಬೂರಕ್ಕೆ ಅವಳೇ ಹೋದಳು. ತುಟಿಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಸಂಗನಬಸವ ಬಾಗಿಲಲ್ಲಿ ಅವಳನ್ನು ನೋಡಿ ಮುಖ ಗಂಟಿಕ್ಕಿದ. ಊತ ನೋಡಿ ಗಂಟು ಸಡಿಲವಾಯಿತು. ಬೀಗರ ಮನೆಯಲ್ಲಿ ಕುರ್ಚಿ ಕೊಟ್ಟರೂ ತಾಯವ್ವ ಕೂರಲಿಲ್ಲ. ರೋಹಿಣಿ ಬಂದು ಕಂಬಕ್ಕೊರಗಿ ನಿಂತಾಗ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಎಲೆಯದನ್ನು ಹೇಳಿದಳು, ಒಳಕಲ್ಲಿನದನ್ನು ಹೇಳಿದಳು, ಚಿಟಿಕೆ ಪರಾಗ ತಿಂದದ್ದನ್ನೂ ಡಾಕ್ಟರು ಹೇಳಿದ್ದನ್ನೂ ಹೇಳಿದಳು.

"ಅಂದ್ರ ನಾ ದಿನಾ ನಿಮಗ..." ಎಂದು ರೋಹಿಣಿ ಅಲ್ಲೇ ಕುಳಿತುಬಿಟ್ಟಳು. ಅವಳ ಮುಖದಲ್ಲಿದ್ದ ಸಿಟ್ಟಿಗೆ ಈಗ ಹೆದರಿಕೆಯೂ ಸೇರಿತು. "ಏನರ ಆಗಿದ್ರ ನಾನೇ ಕೊಂದಂಗ ಆಗ್ತಿತ್ತಲ್ರಿ."

"ನೀ ಕೊಲ್ಲಾಕ ಹಾಕಿರಲಿಲ್ಲ. ನಾ ಅಂದದ್ದು ತಪ್ಪಾತು. ಮನಿಗೆ ನಡಿ."

ಎಂದೂ ಬಾರದ ಆ ಮಾತು ಅವಳ ಬಾಯಿಂದ ಬಂದದ್ದು ಕೇಳಿ ಸಂಗನಬಸವ ಹಿತ್ತಲಿಗೆ ಎದ್ದು ಹೋದ. ಹೂವಿನ ಪುಡಿ ಯಾರಿಗೆ ಆಗಿಬರುವುದಿಲ್ಲವೋ ಅವರು ತಿನ್ನಬಾರದೆಂದು ಸೀಸೆಯ ಮೇಲೆ ಒಂದಕ್ಷರವೂ ಇರಲಿಲ್ಲವೆಂಬುದು ಅವನ ತಲೆಗೆ ಆಗ ಹೊಳೆಯಿತೋ ಏನೋ.

ರೋಹಿಣಿ ಎದ್ದು ಸೆರಗು ಸರಿಮಾಡಿಕೊಂಡು ಹೇಳಿದಳು: "ಬರ್ತೀನ್ರಿ. ಆದರ ಇನ್ನ ಮ್ಯಾಲ ನಿಮ್ಮ ತಾಟಿನಾಗಿಂದು ಮೊದಲಿನ ತುತ್ತು ನಾ ತಿನ್ತೀನಿ. ನಿಮ್ಮ ಎದುರಿಗೆ. ಆಮ್ಯಾಲ ನೀವು ಉಣ್ರಿ. ಮತ್ತೊಮ್ಮೆ ಆ ಮಾತು ನನ್ನ ಕಿವಿಗೆ ಬೀಳಬಾರದು."

ತಾಯವ್ವ ಕೂಡಲೇ ಒಪ್ಪಿದಳು. ಸುಲಭದಲ್ಲಿ ಮುಗಿಯಿತು ಎಂದುಕೊಂಡಳು.

ಸುಲಭವಾಗಿರಲಿಲ್ಲ. ಅಂದಿನಿಂದ ಪ್ರತಿ ಊಟಕ್ಕೂ ರೋಹಿಣಿ ಬಿಸಿ ರೊಟ್ಟಿಯ ಅಂಚು ಮುರಿದು, ಪಲ್ಯಕ್ಕೆ ಒತ್ತಿ, ಅತ್ತೆಯ ಎದುರಿಗೆ ಬಾಯಿಗೆ ಹಾಕಿಕೊಂಡು ಅಗಿದು ನುಂಗುವಳು. ಮಜ್ಜಿಗೆಯನ್ನು ಅಂಗೈಗೆ ಹೊಯ್ದುಕೊಂಡು ಕುಡಿಯುವಳು. ಆಮೇಲೆ ತಾಟನ್ನು ಮುಂದಕ್ಕೆ ಸರಿಸಿ ಒಳಗೆ ಹೋಗುವಳು. ಕೋಪವಿಲ್ಲ, ಮಾತಿಲ್ಲ, ಆ ನಗುವೂ ಇಲ್ಲ. ಸಿದ್ಧಾರೂಢ ತಲೆ ತಗ್ಗಿಸಿ ಉಂಡು ಏಳುವನು. ತಾಯವ್ವ ತುತ್ತಿಗೊಮ್ಮೆ ನೀರು ಕುಡಿದು ರೊಟ್ಟಿ ಇಳಿಸುತ್ತಿದ್ದಳು. ದಿನ ಕಳೆದಂತೆ ರೂಢಿಯಾಗುತ್ತದೆ ಎಂದುಕೊಂಡಳು. ಆಗಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ರೋಹಿಣಿ ತಾಟು ತಂದು ಕುಳಿತು ರೊಟ್ಟಿಗೆ ಕೈ ಹಾಕಿದಳು. ತಾಯವ್ವ ಅವಳ ಮಣಿಕಟ್ಟು ಹಿಡಿದಳು.

"ನಾ ಈ ಮನಿಗೆ ಬಂದ ವರ್ಷ ನಮ್ಮ ಮಾವನಿಗೆ ಜಡ್ಡ ಬಂತು. ಹೊಸಾ ಸೊಸಿ ಕಾಲಗುಣ, ಕೈಗುಣ ಅಂದ್ಲು ನಮ್ಮತ್ತಿ. ಅಕಿ ಉಣ್ಣೂಕಿಂತ ಮೊದಲ ನನಗ ತಿನ್ನಿಸಿ ನೋಡ್ತಿದ್ಲು. ನುಂಗಿದ್ನೋ ಇಲ್ಲೋ ಅಂತ ಬಾಯಿ ತಗಿಸಿ ನೋಡ್ತಿದ್ಲು. ಅಕಿ ಸಾಯೂ ಮಟಾ ತಿಂದೀನಿ ನಾ. ಆ ತುತ್ತು ಹೆಂಗ ಇರತೈತಿ ಅಂತ ನನಗ ಗೊತ್ತೈತಿ."

ರೋಹಿಣಿ ಕೈ ಬಿಡಿಸಿಕೊಳ್ಳಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ಅವಳಿಗೆ ಅದೇ ಮೊದಲು.

"ಹಂಗಾರ ಈಗ ನನ್ನ ಮ್ಯಾಲ ಸಂಶಯ ಇಲ್ಲೇನ್ರಿ ಅತ್ತಿ?"

ತಾಯವ್ವ ಹೂಂ ಎಂದಿದ್ದರೆ ಮಾತು ಅಲ್ಲಿಗೆ ಚೆಂದವಾಗಿ ಮುಗಿಯುತ್ತಿತ್ತು. ಅವಳು ತಾಟಿನ ಕಡೆ ನೋಡಿದಳು. ಬದನೆಕಾಯಿ ಪಲ್ಯ, ಗುರೆಳ್ಳಿನ ಹಿಂಡಿ, ಮಜ್ಜಿಗೆ. ಮಜ್ಜಿಗೆಯ ಮೇಲೆ ತೇಲುತ್ತಿದ್ದ ಜೀರಿಗೆ ಪುಡಿಯ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತಿತು.

"ಐತಿ," ಎಂದಳು. "ಅದು ನನ್ನ ಕೂಡ ಹುಟ್ಟೇತಿ, ನನ್ನ ಕೂಡ ಮಣ್ಣಿಗೆ ಹೋಕ್ಕೈತಿ. ಅದು ಇದ್ರೂ ನಿನ್ನ ಕೈಲೆ ಉಣ್ತೀನಿ."

ಸೊಸೆಯ ಕೈಯನ್ನು ಬದಿಗೆ ಸರಿಸಿ, ಅಂಚು ಮುರಿಯದ ಇಡೀ ರೊಟ್ಟಿಯಿಂದ ತುತ್ತು ಮುರಿದು ಬಾಯಿಗಿಟ್ಟಳು.